ಮುಖವೂ ಸಿಗಬೇಕು, ಕೈಯೂ ಕಾಣಬೇಕು: ಮಿಸ್ಟರಿ ಶಾಪಿಂಗ್ ವಿಡಿಯೊಗೆ ಕ್ಯಾಮೆರಾ ಮೈಮೇಲೆ ಎಲ್ಲಿರಬೇಕು?

ಹಾಸನದ ಬಿ.ಎಂ. ರಸ್ತೆಯ ಬೈಕ್ ಶೋರೂಮು, ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಸೀರೆ ಅಂಗಡಿ, ಬೇಲೂರು ದಾರಿಯ ದರ್ಶಿನಿ. ಈ ಮೂರಕ್ಕೂ ಒಂದೇ ಅಂಗಿ ತೊಟ್ಟು, ಒಂದೇ ಗುಂಡಿಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಹೋದರೆ ಒಂದು ಕಡೆ ಒಳ್ಳೆಯ ವಿಡಿಯೊ ಸಿಕ್ಕೀತು. ಇನ್ನೊಂದು ಕಡೆ ಸಿಬ್ಬಂದಿಯ ಗದ್ದದಿಂದ ಕೆಳಗಿನದಷ್ಟೇ ಬರುತ್ತದೆ. ಮತ್ತೊಂದು ಕಡೆ ಚಾವಣಿಯ ಫ್ಯಾನು. ಕ್ಯಾಮೆರಾ ಅಡಗಿಸುವುದು ಕಷ್ಟದ ಕೆಲಸವಲ್ಲ, ಅಂಗಡಿಯಲ್ಲಿ ಯಾರೂ ಗಿರಾಕಿಯ ಗುಂಡಿ ಎಣಿಸುತ್ತ ಕೂರುವುದಿಲ್ಲ. ಎದುರಿನವರ ಮುಖ ಮತ್ತು ಅವರ ಕೈಗಳು ಒಂದೇ ಚೌಕಟ್ಟಿನಲ್ಲಿ ಬರುವಂತೆ ಮಾಡುವುದೇ ಕಷ್ಟ. ಆದ್ದರಿಂದ ಕ್ಯಾಮೆರಾ ಎಲ್ಲಿ ಚೆನ್ನಾಗಿ ಅಡಗುತ್ತದೆ ಎಂಬಲ್ಲಿಂದ ಶುರು ಮಾಡಬೇಡಿ. ಎದುರಿಗೆ ಯಾರು, ಎಷ್ಟು ದೂರದಲ್ಲಿ, ನಿಂತೋ ಕೂತೋ ಇರುತ್ತಾರೆ ಎಂಬುದನ್ನು ಮೊದಲು ತಿಳಿದುಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಜಾಗ ಆರಿಸಬೇಕು.

ಮೊದಲು ಒಪ್ಪಿಗೆ ಪತ್ರ

ವಿಡಿಯೊ ಮಿಸ್ಟರಿ ಶಾಪಿಂಗ್ ಎಂದರೆ ಅಂಗಡಿಯ ಮಾಲೀಕರೋ ಕಂಪನಿಯೋ ತಮ್ಮದೇ ಮಳಿಗೆಗೆ ಗಿರಾಕಿಯ ವೇಷದಲ್ಲಿ ಒಬ್ಬರನ್ನು ಕಳಿಸಿ, ಸಿಬ್ಬಂದಿ ಹೇಗೆ ಮಾತನಾಡಿಸುತ್ತಾರೆ ಎಂದು ತರಬೇತಿಗಾಗಿ ಚಿತ್ರೀಕರಿಸಿಕೊಳ್ಳುವುದು. ಹೀಗೆ ಚಿತ್ರೀಕರಣ ನಡೆಯಬಹುದು ಎಂದು ಸಿಬ್ಬಂದಿಗೆ ಕೆಲಸಕ್ಕೆ ಸೇರುವಾಗಲೇ ಬರಹದಲ್ಲಿ ತಿಳಿಸಿರಬೇಕು. ಯಾವ ದಿನ, ಯಾರು ಬರುತ್ತಾರೆ ಎಂಬುದು ಮಾತ್ರ ಗುಟ್ಟು. ಕಂಪನಿಯ ಲೆಟರ್‌ಹೆಡ್‌ನಲ್ಲಿ ಮಳಿಗೆಯ ಹೆಸರು, ದಿನಾಂಕ, ನಿಮ್ಮ ಹೆಸರು ಇರುವ ಪತ್ರ ಜೇಬಿನಲ್ಲಿಲ್ಲದೆ ಕ್ಯಾಮೆರಾ ಕಟ್ಟಬೇಡಿ. ಪೈಪೋಟಿಯ ಅಂಗಡಿಯಲ್ಲಿ ಚಿತ್ರೀಕರಿಸಿ ತನ್ನಿ ಎಂದು ಯಾರಾದರೂ ಕೇಳಿದರೆ ಅದು ಈ ಕೆಲಸವೇ ಅಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಹೆಂಗಸರ ಖಾಸಗಿ ಕ್ಷಣಗಳನ್ನು ಕದ್ದು ನೋಡುವುದನ್ನೂ ಚಿತ್ರೀಕರಿಸುವುದನ್ನೂ ಅಪರಾಧವೆನ್ನುತ್ತದೆ. ಒಪ್ಪಿಗೆಯಿಲ್ಲದೆ ಯಾರದೇ ಮೈಯ ಖಾಸಗಿ ಭಾಗದ ಚಿತ್ರ ತೆಗೆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಹಾಗಾಗಿ ಟ್ರಯಲ್ ರೂಮು, ಶೌಚಾಲಯ, ಮಗುವಿಗೆ ಹಾಲೂಡಿಸುವ ಜಾಗಗಳ ಬಾಗಿಲ ಬಳಿ ಕೂಡ ಕ್ಯಾಮೆರಾ ಚಾಲೂ ಇರಬಾರದು. ಬಟ್ಟೆ ಹಾಕಿ ನೋಡುವುದು ತಪಾಸಣೆಯ ಭಾಗವಾಗಿದ್ದರೆ ಟ್ರಯಲ್ ರೂಮಿನತ್ತ ನಡೆಯುವ ಮೊದಲೇ ಆಫ್ ಮಾಡಿ. ಹೋಂಸ್ಟೇ ಹೆಚ್ಚಿರುವ ಚಿಕ್ಕಮಗಳೂರಿನಲ್ಲಿ ಇನ್ನೂ ಒಂದು ಎಚ್ಚರ ಬೇಕು. ಹೋಂಸ್ಟೇ ಎಂದರೆ ಯಾರದೋ ಮನೆ. ಸ್ವಾಗತಿಸುವ ಮೇಜು, ಊಟದ ಕೋಣೆಯಲ್ಲಿ ಆತಿಥೇಯರೊಂದಿಗಿನ ಮಾತು, ಅಷ್ಟಕ್ಕೇ ನಿಲ್ಲಿಸಿ. ಒಳಮನೆ, ಮಕ್ಕಳು, ಬೇರೆ ಅತಿಥಿಗಳು ಚೌಕಟ್ಟಿಗೆ ಬರಬಾರದು.

ಕ್ಯಾಮೆರಾ ಎಷ್ಟು ನೋಡುತ್ತದೆ ಎಂದು ನೀವೇ ಅಳೆಯಿರಿ

ಡಬ್ಬಿಯ ಮೇಲೆ 70 ಡಿಗ್ರಿ, 90 ಡಿಗ್ರಿ ಎಂದು ಬರೆದಿರುತ್ತಾರೆ. ಅದು ಬಹಳ ಸಲ ಮೂಲೆಯಿಂದ ಮೂಲೆಗೆ ತೆಗೆದ ಅಳತೆ. ಕರ್ಣದಲ್ಲಿ 70 ಇದ್ದರೆ ಅಡ್ಡಕ್ಕೆ ಸಿಗುವುದು 63ರ ಆಸುಪಾಸು ಮಾತ್ರ. ಗೋಡೆಯಿಂದ ಸರಿಯಾಗಿ 1 ಮೀಟರ್ ದೂರದಲ್ಲಿ ಕ್ಯಾಮೆರಾ ಇಟ್ಟು, ಗೋಡೆಗೆ ಟೇಪ್ ಹಿಡಿದು ರೆಕಾರ್ಡ್ ಮಾಡಿ. ಚೌಕಟ್ಟಿನ ಅಡ್ಡಕ್ಕೆ 115 ಸೆಂ.ಮೀ. ಕಂಡರೆ ಅದು 60 ಡಿಗ್ರಿ ಲೆನ್ಸು, 140 ಕಂಡರೆ 70, 168 ಕಂಡರೆ 80. ಐದು ನಿಮಿಷದ ಈ ಕೆಲಸ ಮಾಡದೆ ಮುಂದಿನ ಯಾವ ಲೆಕ್ಕವೂ ಹೊಂದುವುದಿಲ್ಲ.

ಇಲ್ಲಿನ ಲೆಕ್ಕಕ್ಕೆ ಅಡ್ಡ 70 ಡಿಗ್ರಿಯ, 16:9 ಚೌಕಟ್ಟಿನ ಗುಂಡಿ ಕ್ಯಾಮೆರಾ ಹಿಡಿದಿದ್ದೇವೆ. ಅದು ಉದ್ದಕ್ಕೆ, ಅಂದರೆ ಮೇಲಿಂದ ಕೆಳಗೆ, 43 ಡಿಗ್ರಿ ಮಾತ್ರ ನೋಡುತ್ತದೆ. ತೊಂದರೆಯೆಲ್ಲ ಹುಟ್ಟುವುದು ಇಲ್ಲೇ. ಅಕ್ಕಪಕ್ಕ ಧಾರಾಳವಾಗಿ ಸಿಗುತ್ತದೆ, ಮೇಲೆ ಕೆಳಗೆ ಸಾಲುವುದಿಲ್ಲ.

ಗಿರಾಕಿಯಾಗಿ ಹೋಗುವವರ ಎತ್ತರ 165 ಸೆಂ.ಮೀ. (5 ಅಡಿ 5 ಇಂಚು) ಎಂದಿಟ್ಟುಕೊಳ್ಳಿ. ಕಾಲರಿನ ಗುಂಡಿಯನ್ನು ಒಂದು ಎಂದು ಎಣಿಸಿದರೆ ಎರಡನೇ ಗುಂಡಿ ನೆಲದಿಂದ ಸುಮಾರು 126 ಸೆಂ.ಮೀ., ಮೂರನೆಯದು ಸುಮಾರು 118. ಎದುರಿಗೆ ಗಲ್ಲಾದಲ್ಲಿ ನಿಂತವರೂ ಅಷ್ಟೇ ಎತ್ತರದವರಾದರೆ ಅವರ ಕಣ್ಣು 154ರಲ್ಲಿ, ನೆತ್ತಿ 165ರಲ್ಲಿ. ದರ್ಶಿನಿಯ ಗಲ್ಲಾದ ಹಲಗೆ 105 ಸೆಂ.ಮೀ. ಎತ್ತರದಲ್ಲಿದ್ದು, ಇಬ್ಬರ ನಡುವೆ 75 ಸೆಂ.ಮೀ. ಅಂತರ ಇರಲಿ.

ಎರಡನೇ ಗುಂಡಿಯಲ್ಲಿ ಕ್ಯಾಮೆರಾ ನೇರ ಮುಂದಕ್ಕೆ ನೋಡುತ್ತಿದ್ದರೆ 96ರಿಂದ 156 ಸೆಂ.ಮೀ.ವರೆಗೆ ಕಾಣುತ್ತದೆ. ಹಲಗೆ, ದುಡ್ಡು, ಚಿಲ್ಲರೆ, ಟೋಕನ್ ಎಲ್ಲ ಬರುತ್ತದೆ, ಮುಖ ಮಾತ್ರ ಕಣ್ಣಿನ ಮಟ್ಟದಲ್ಲಿ ಕತ್ತರಿಸಿಹೋಗುತ್ತದೆ. ಹಾಗೆಂದು 10 ಡಿಗ್ರಿ ಮೇಲಕ್ಕೆ ವಾಲಿಸಿದರೆ ನೋಟ 111ರಿಂದ 172ಕ್ಕೆ ಏರುತ್ತದೆ. ಈಗ ಮುಖ ಪೂರ್ತಿ ಬಂತು, ಹಲಗೆಯ ಮೇಲಿನ ಕೈಗಳು ಹೋದವು. 5 ಡಿಗ್ರಿ ವಾಲಿಸಿದಾಗ 104ರಿಂದ 163: ಹಲಗೆಯ ಅಂಚೂ ಇದೆ, ಹಣೆಯೂ ಇದೆ. ಮೂರನೇ ಗುಂಡಿಗೆ ಇಳಿಸಿದರೆ ಇದೇ ನೋಟಕ್ಕೆ 10 ಡಿಗ್ರಿ ಬೇಕು. ನೇರವಾಗಿಯೇ ಬಿಟ್ಟರೆ 88ರಿಂದ 147, ಅಂದರೆ ಗದ್ದ, ತುಟಿ, ಅಷ್ಟೇ.

ಇನ್ನೊಂದು ದಾರಿಯೂ ಇದೆ, ಅದಕ್ಕೆ ಯಾವ ಸಲಕರಣೆಯೂ ಬೇಡ. ಕಾಲು ಮೀಟರ್ ಹಿಂದೆ ನಿಂತರೆ ಅಂತರ 1 ಮೀಟರ್ ಆಗುತ್ತದೆ, ನೇರ ನೋಡುವ ಎರಡನೇ ಗುಂಡಿಯೇ 87ರಿಂದ 165ರವರೆಗೆ ಹಿಡಿಯುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಇದರ ಉಲ್ಟಾ. ಚೆನ್ನಾಗಿ ಕಾಣಲಿ, ಕೇಳಲಿ ಎಂದು ಗಲ್ಲಾಕ್ಕೆ ಹೊಟ್ಟೆ ತಾಗುವಷ್ಟು ಹತ್ತಿರ ಹೋಗುತ್ತಾರೆ. ಹತ್ತಿರವಾದಷ್ಟೂ ಮುಖ ಚೌಕಟ್ಟಿನಿಂದ ಮೇಲೆ ಜಾರುತ್ತದೆ.

ಯಾವುದನ್ನು ಆರಿಸಬೇಕು

ಗುಂಡಿ ಕ್ಯಾಮೆರಾದಲ್ಲಿ ಎರಡು ಬಗೆ. ಒಂದರಲ್ಲಿ ಲೆನ್ಸಿರುವ ಸಣ್ಣ ಬಿಲ್ಲೆ ಬೇರೆ, ರೆಕಾರ್ಡರ್ ಬೇರೆ; ನಡುವೆ ಒಂದು ವೈರು. ಇನ್ನೊಂದರಲ್ಲಿ ಬ್ಯಾಟರಿ, ಮೆಮೊರಿ ಕಾರ್ಡ್ ಎಲ್ಲ ಗುಂಡಿಯ ಹಿಂದೆಯೇ. ಎರಡನೆಯದು ಅಗ್ಗ, ಕಟ್ಟಿಕೊಳ್ಳಲು ಸಲೀಸು. ಆದರೆ ಅದರ ಭಾರಕ್ಕೆ ತೆಳು ಅಂಗಿ ಮುಂದಕ್ಕೆ ಜೋತು ಬಿದ್ದು ಲೆನ್ಸು ನೆಲ ನೋಡುತ್ತದೆ, ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಮುಗಿಯುತ್ತದೆ. ಇದೇ ವೃತ್ತಿಯಾಗಿ ಮಾಡುವವರು ವೈರು ಇರುವುದನ್ನೇ ಬಳಸುತ್ತಾರೆ. ತಿಂಗಳಿಗೆ ಎರಡಕ್ಕಿಂತ ಹೆಚ್ಚು ಕೆಲಸ ಒಪ್ಪಿಕೊಳ್ಳುವವರಿಗೆ ನಮ್ಮ ಸಲಹೆಯೂ ಅದೇ. ರೆಕಾರ್ಡರನ್ನು ಸೊಂಟದ ಬೆಲ್ಟಿನ ಚೀಲದಲ್ಲೋ ಪ್ಯಾಂಟಿನ ಮುಂಜೇಬಿನಲ್ಲೋ ಇಡಿ. ಹಿಂದಿನ ಜೇಬು ಬೇಡ, ಕೂತಾಗ ಸ್ವಿಚ್ ಒತ್ತಿಹೋಗುತ್ತದೆ. ವೈರು ಸೇರುವ ಜಾಗಕ್ಕೆ ಟೇಪು ಸುತ್ತಲು ಮರೆಯಬೇಡಿ. ಕೂತು ಏಳುವಾಗ ಆ ಕೊಂಡಿ ಸಡಿಲವಾದರೆ ಚಿತ್ರ ಕಪ್ಪಾಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಕನ್ನಡಕದ ಕ್ಯಾಮೆರಾ ಮುಖ ಹಿಡಿಯುವುದರಲ್ಲಿ ಎಲ್ಲಕ್ಕಿಂತ ಮುಂದು. ಕಣ್ಣಿನ ಮಟ್ಟದಲ್ಲೇ ಇರುವುದರಿಂದ ಮಾತನಾಡಿಸಿದವರ ಮುಖ ತಾನಾಗಿ ನಡುವೆ ಬರುತ್ತದೆ. ಆದರೆ ನಾವು ಮಾತಿಗೊಮ್ಮೆ ತಲೆಯಾಡಿಸುವವರು. ‘ಹೂಂ’ ಎಂದಾಗಲೆಲ್ಲ ಚಿತ್ರ ಕುಲುಕುತ್ತದೆ, ಹತ್ತು ನಿಮಿಷ ನೋಡಿದವರಿಗೆ ತಲೆ ಸುತ್ತುತ್ತದೆ. 75 ಸೆಂ.ಮೀ. ಅಂತರದಲ್ಲಿ 124ಕ್ಕಿಂತ ಕೆಳಗಿನದು ಕಾಣದು, ದುಡ್ಡು ಎಣಿಸುವುದನ್ನು ಹಿಡಿಯಲು ತಲೆ ಬಗ್ಗಿಸಲೇಬೇಕು. ದಪ್ಪ ಕಾಲಿನ ಕನ್ನಡಕ ಎದುರಿನವರ ಕಣ್ಣಿಗೆ ನೇರ ಬೀಳುತ್ತದೆ, ಅದೂ ನಂಬರು ಇಲ್ಲದ ಗಾಜಾದರೆ ಬೇಗ ಸಂಶಯ ಬರುತ್ತದೆ. ಮೊದಲೇ ಕನ್ನಡಕ ಹಾಕುವವರು, ಚೌಕಟ್ಟಿಗೆ ತಮ್ಮ ನಂಬರಿನ ಗಾಜು ಕೂರಿಸಿಕೊಳ್ಳಲು ಸಾಧ್ಯವಿದ್ದರೆ ಮಾತ್ರ ಇದನ್ನು ಯೋಚಿಸಿ.

ಪೆನ್ನಿನ ಕ್ಯಾಮೆರಾವನ್ನು ಕಲಿಯುವವರೆಲ್ಲ ಮೊದಲು ಕೊಳ್ಳುತ್ತಾರೆ, ನಾವು ಮೊದಲು ಬೇಡವೆನ್ನುವುದೂ ಅದನ್ನೇ. ಜೇಬಿನಲ್ಲಿ ಪೆನ್ನು ತನ್ನ ಸುತ್ತ ತಿರುಗುತ್ತದೆ. ಎದೆ ಪಕ್ಕಕ್ಕೆ ಬಾಗಿರುವುದರಿಂದ ಎಡಜೇಬಿನ ಲೆನ್ಸು ನೇರ ಮುಂದಕ್ಕಲ್ಲ, ಎಡಕ್ಕೆ ನೋಡುತ್ತದೆ. 15 ಡಿಗ್ರಿ ತಿರುಗಿದರೂ 1 ಮೀಟರ್ ದೂರದಲ್ಲಿ ಚೌಕಟ್ಟಿನ ನಡುಬಿಂದು 27 ಸೆಂ.ಮೀ. ಪಕ್ಕಕ್ಕೆ ಹೋಗಿರುತ್ತದೆ. ಪೆನ್ನಿನ ತಲೆ ಮುಂದಕ್ಕೆ ವಾಲಿದರಂತೂ ನೆಲವೇ ಕಾಣುವುದು.

ಅಂಗಿಯ ಜೇಬಿನಲ್ಲಿ ಇಟ್ಟ ಮೊಬೈಲನ್ನು ಕಡೆಗಣಿಸಬೇಡಿ. ನಮ್ಮ ಕಡೆ ಗಂಡಸರ ಜೇಬಿನಿಂದ ಮೊಬೈಲು ಇಣುಕುವುದು ಸಹಜ ನೋಟ. ಪರದೆ ಎದೆಯ ಕಡೆಗೆ, ಕ್ಯಾಮೆರಾ ಹೊರಗೆ. ಇದರ ನಿಜವಾದ ಲಾಭ ನಿಂತ ಚೌಕಟ್ಟು. ಉದ್ದಕ್ಕೆ ಸುಮಾರು 60 ಡಿಗ್ರಿ ಸಿಗುವುದರಿಂದ, 128 ಸೆಂ.ಮೀ. ಎತ್ತರದಿಂದ 75 ಸೆಂ.ಮೀ. ಅಂತರದಲ್ಲಿ 85ರಿಂದ 171ರವರೆಗೆ ಬರುತ್ತದೆ. ಮುಖ, ಹಲಗೆ ಎರಡೂ, ಯಾವ ವಾಲಿಕೆಯೂ ಇಲ್ಲದೆ. ಅಡ್ಡಕ್ಕೆ ಮಾತ್ರ ನಡುವಿನಿಂದ ಆಚೀಚೆ 24 ಸೆಂ.ಮೀ. ಅಷ್ಟೇ, ಎದುರಿನವರು ಒಂದು ಹೆಜ್ಜೆ ಪಕ್ಕಕ್ಕೆ ಹೋದರೆ ಚೌಕಟ್ಟು ಖಾಲಿ. ಮೊಬೈಲಿನ ಭಾರಕ್ಕೆ ಜೇಬು ಮುಂದಕ್ಕೆ ಬಾಗುತ್ತದೆ, ಮಡಚಿದ ಕರವಸ್ತ್ರವನ್ನು ಜೇಬಿನ ತಳದಲ್ಲಿ ಮೊಬೈಲಿನ ಹಿಂದೆ ಇಟ್ಟರೆ ತಳ ಹೊರಬಂದು ಲೆನ್ಸು ಎದ್ದು ನಿಲ್ಲುತ್ತದೆ. ಕರೆ ಬಂದರೆ ರೆಕಾರ್ಡಿಂಗ್ ನಿಲ್ಲುವ ಫೋನುಗಳಿವೆ, ಏರ್‌ಪ್ಲೇನ್ ಮೋಡ್ ಹಾಕಿ. ಕೆಲಸ ಕೊಟ್ಟವರು ಅಡ್ಡ ಚೌಕಟ್ಟೇ ಬೇಕೆಂದಿದ್ದರೆ ಈ ಆಯ್ಕೆ ಅಲ್ಲಿಗೇ ಮುಗಿಯಿತು. ಅವರು ನಿಂತ ಚೌಕಟ್ಟು ಒಪ್ಪಿದರೆ ಗುಂಡಿ ಕ್ಯಾಮೆರಾದ ಬಿಲ್ಲೆಯನ್ನೂ 90 ಡಿಗ್ರಿ ತಿರುಗಿಸಿ ಕೂರಿಸಬಹುದು, ಆಗ ಉದ್ದಕ್ಕೆ 70 ಡಿಗ್ರಿ ನಿಮ್ಮದು.

ಕೊರಳಿನ ಐಡಿ ಕಾರ್ಡಿನ ಕ್ಯಾಮೆರಾ ತೂಗಾಡುತ್ತದೆ, ತಿರುಗಿ ಹಿಮ್ಮುಖವಾಗುತ್ತದೆ. ಕೈಗಡಿಯಾರ, ಕೀ ಚೈನು ಈ ಕೆಲಸಕ್ಕಲ್ಲ.

ಹೆಗಲ ಚೀಲ ಮಾತ್ರ ಒಂದು ಸಂದರ್ಭದಲ್ಲಿ ಉಳಿದೆಲ್ಲವನ್ನೂ ಮೀರಿಸುತ್ತದೆ. ಗಂಟೆಗಟ್ಟಲೆ ಒಂದೇ ಮೇಜಿನ ಮುಂದೆ ಕೂತು ಸಾಲ, ವಿಮೆ, ಸೈಟಿನ ಬಗ್ಗೆ ಮಾತಾಡುವಾಗ ಚೀಲವನ್ನು ಮೇಜಿನ ಅಂಚಿನಲ್ಲಿ ಇಟ್ಟರೆ ಚಿತ್ರ ಅಲುಗಾಡುವುದೇ ಇಲ್ಲ. ತೊಡೆಯ ಮೇಲಿಟ್ಟರೆ ಸಿಗುವುದು ಮೇಜಿನ ಅಡಿಭಾಗ.

ಬೆಣೆಯ ಲೆಕ್ಕ

ಎದೆ ಗೋಡೆಯಂತೆ ಸಪಾಟಾಗಿಲ್ಲ. ಎದೆಯ ಉಬ್ಬಿನ ಮೇಲ್ಭಾಗದಲ್ಲಿ ಇಟ್ಟ ಬಿಲ್ಲೆ ಚಾವಣಿ ನೋಡುತ್ತದೆ, ಉಬ್ಬಿನ ಕೆಳಗಿಟ್ಟದ್ದು ನೆಲ ನೋಡುತ್ತದೆ. ಹೊಟ್ಟೆ ಮುಂದಿರುವವರಿಗೆ ಹೊಟ್ಟೆಯ ಮೇಲ್ಭಾಗದ ಗುಂಡಿಯೂ ಚಾವಣಿಯ ಕಡೆಗೇ. ಬೆನ್ನು ಬಾಗಿಸಿ ನಿಲ್ಲುವ ಅಭ್ಯಾಸದವರಿಗೆ ಎಲ್ಲವೂ ಕೆಳಮುಖ. ಹಾಗಾಗಿ ಒಬ್ಬರಿಗೆ ಹೊಂದಿದ ಜಾಗ ಇನ್ನೊಬ್ಬರಿಗೆ ಹೊಂದುತ್ತದೆಂದು ಭಾವಿಸಬೇಡಿ.

ಇದನ್ನು ತಿದ್ದುವುದು ಬಿಲ್ಲೆಯ ಹಿಂದಿನ ಬೆಣೆ. ಚಾವಣಿ ಕಾಣುತ್ತಿದ್ದರೆ ಬಿಲ್ಲೆಯ ಮೇಲಂಚಿನ ಹಿಂದೆ ಬೆಣೆ, ನೆಲ ಕಾಣುತ್ತಿದ್ದರೆ ಕೆಳಂಚಿನ ಹಿಂದೆ. ಬಿಲ್ಲೆ 20 ಮಿ.ಮೀ. ಎತ್ತರದ್ದಾದರೆ 5 ಡಿಗ್ರಿಗೆ ಸುಮಾರು 1.75 ಮಿ.ಮೀ., 10 ಡಿಗ್ರಿಗೆ 3.5 ಮಿ.ಮೀ., 15 ಡಿಗ್ರಿಗೆ ಸುಮಾರು 5.4 ಮಿ.ಮೀ. ದಪ್ಪ ಬೇಕು. ಹಳೆಯ ಹವಾಯಿ ಚಪ್ಪಲಿಯ ರಬ್ಬರನ್ನು ಬ್ಲೇಡಿನಲ್ಲಿ ಓರೆಯಾಗಿ ಕೊಯ್ದರೆ ಒಳ್ಳೆಯ ಬೆಣೆ ಆಗುತ್ತದೆ. ಸ್ಪಂಜು ಬೇಡ, ಉಸಿರೆಳೆದಾಗಲೆಲ್ಲ ಅಮುಕಿ ಕೋನ ಬದಲಾಗುತ್ತದೆ.

ಬಿಲ್ಲೆಯನ್ನು ಅಂಗಿಗೆ ಅಂಟಿಸಬೇಡಿ, ಒಳಗಿನ ಬನಿಯನ್ನಿನ ಮೇಲೆ ಕಟ್ಟಿದ ಎರಡು ಇಂಚಿನ ಎಲಾಸ್ಟಿಕ್ ಪಟ್ಟಿಗೆ ಹೊಲಿಯಿರಿ. ಅಂಗಿ ಅತ್ತಿತ್ತ ಸರಿಯುತ್ತದೆ, ಪಟ್ಟಿ ಸರಿಯುವುದಿಲ್ಲ. ಲೆನ್ಸು ಅಂಗಿಯ ಕಾಜದೊಳಗಿಂದ ಹೊರಬಂದು ಅದರ ಮೇಲೆ ಸುಳ್ಳು ಗುಂಡಿ ಕೂರಬೇಕು. ಅಂಗಿಯ ಕಾಜಗಳು ಉದ್ದುದ್ದ ಸೀಳಿರುತ್ತವೆ, ಹಾಗಾಗಿ ಗುಂಡಿ ಮೇಲೆ ಕೆಳಗೆ ಜಾರುತ್ತದೆ. ಬೇಕಾದಷ್ಟು ಮಾತ್ರ ಬಿಟ್ಟು ಉಳಿದ ಸೀಳನ್ನು ಟೈಲರ್ ಬಳಿ ಹೊಲಿಸಿಬಿಡಿ. ಸಾಮಾನ್ಯ ಅಂಗಿಯ ಗುಂಡಿ 11 ಮಿ.ಮೀ. ಚಿಲ್ಲರೆ ಅಗಲದ್ದು, ಕ್ಯಾಮೆರಾದ ಜೊತೆ ಬರುವ ಗುಂಡಿ ಅದಕ್ಕಿಂತ ದೊಡ್ಡದೋ ಬೇರೆ ಬಣ್ಣದ್ದೋ ಇದ್ದರೆ ಒಂದೇ ಗುಂಡಿ ಎದ್ದು ಕಾಣುತ್ತದೆ. ಸುಲಭ ಪರಿಹಾರ ಎಂದರೆ ಉಳಿದ ಗುಂಡಿಗಳನ್ನೆಲ್ಲ ಕಿತ್ತು ಅದರಂಥವನ್ನೇ ಹಾಕಿಸುವುದು. ಕಡು ಬಣ್ಣದ ಚೌಕಳಿ ಅಂಗಿಯಲ್ಲಿ ಕಪ್ಪು ಗುಂಡಿ ಕಣ್ಣಿಗೆ ಬೀಳದು, ಬಿಳಿ ಅಂಗಿಯಲ್ಲಿ ಬೀಳುತ್ತದೆ. ಲೆನ್ಸಿನ ರಂಧ್ರ ಒಂದೆರಡು ಮಿಲಿಮೀಟರಿನದು. ಕಾಜದಿಂದ ಎದ್ದ ಒಂದೇ ಒಂದು ನೂಲು ಸಾಕು, ಚಿತ್ರದ ನಡುವೆ ಕಪ್ಪು ಮಸುಕು ಪಟ್ಟೆ. ಹೊರಡುವ ಮುನ್ನ ನೂಲು ಕತ್ತರಿಸಿ.

ಗೆರೆ ಸೊಟ್ಟಗಾಗುವುದು ಮತ್ತೊಂದು ಕಾಟ. ಬಿಲ್ಲೆ ಸ್ವಲ್ಪ ತಿರುಗಿದರೂ ಗಲ್ಲಾ ಇಳಿಜಾರಿನಂತೆ ಕಾಣುತ್ತದೆ. ಪಟ್ಟಿಗೆ ಒಂದೇ ಕಡೆ ಹೊಲಿದರೆ ತಿರುಗಿಯೇ ತಿರುಗುತ್ತದೆ. ನಾಲ್ಕೂ ಮೂಲೆಗೆ ಹೊಲಿಗೆ ಬೇಕು.

ಹೆಂಗಸರ ಉಡುಪಿನಲ್ಲಿ

ಸೀರೆಗೆ ಗುಂಡಿ ಕ್ಯಾಮೆರಾ ಹೊಂದುವುದಿಲ್ಲ, ರವಿಕೆಯ ಗುಂಡಿಗಳ ಮೇಲೆ ಸೆರಗಿರುತ್ತದೆ. ಎಡ ಹೆಗಲ ಸೆರಗಿನ ಪಿನ್ನಿನ ಜಾಗದಲ್ಲಿ ಬ್ರೋಚಿನಂತೆ ಇಡಬಹುದು. ಎತ್ತರ ಚೆನ್ನಾಗಿಯೇ ಸಿಗುತ್ತದೆ, ಆದರೆ ಹೆಗಲ ಇಳುಕಲಿನಲ್ಲಿ ಲೆನ್ಸು ಚಾವಣಿಯತ್ತ, ಹೊರಕ್ಕೆ ತಿರುಗುತ್ತದೆ. ಪಿನ್ನಿನಿಂದ ನಾಲ್ಕು ಬೆರಳು ಕೆಳಗೆ, ಸೆರಗಿನ ಮಡಿಕೆಗಳನ್ನು ಸೇರಿಸಿ ಹೊಲಿದ ಸಣ್ಣ ದಪ್ಪ ಬಟ್ಟೆಯ ಮೇಲೆ ಕೂರಿಸಿದರೆ ಕೋನ ನೆಟ್ಟಗಾಗುತ್ತದೆ. ರೇಷ್ಮೆ ಸೀರೆ ಬೇಡ, ಅದರ ಸರಬರ ಸದ್ದು ಮೈಕಿಗೆ ಮಾತಿಗಿಂತ ಜೋರು.

ಮುಂದೆ ಗುಂಡಿಗಳ ಸಾಲಿರುವ ಕುರ್ತಾ ಎಲ್ಲಕ್ಕಿಂತ ವಾಸಿ. ಬಟ್ಟೆ ದಪ್ಪಗಿದ್ದು, ವೇಲ್ ಇಲ್ಲದಿದ್ದರೆ ಒಳ್ಳೆಯದು. ವೇಲ್ ಬೇಕೇ ಬೇಕೆಂದರೆ ಒಂದೇ ಹೆಗಲಿಗೆ ಹಾಕಿ ಎರಡು ಕಡೆ ಪಿನ್ನು ಹಾಕಿ. ಎಷ್ಟೋ ವಿಡಿಯೊಗಳು ಹಾಳಾಗುವುದು ಕ್ಯಾಮೆರಾದಿಂದಲ್ಲ, ಜಾರಿದ ವೇಲಿನಿಂದ. ಮಾಂಗಲ್ಯದ ಸರ, ಉದ್ದ ಚೈನು ಲೆನ್ಸಿನ ಮುಂದೆ ತೂಗದಂತೆ ಒಳಗೆ ಸೇರಿಸಿ. ಬಿಟ್ಟ ಕೂದಲನ್ನು ಹಿಂದಕ್ಕೆ ಕಟ್ಟಿ.

ಮಳಿಗೆಗೆ ತಕ್ಕಂತೆ ಬದಲಾಗುವುದು

ಶೋರೂಮಿನಲ್ಲಿ ನಿಂತು ಗಾಡಿ ನೋಡುವುದು ಅರ್ಧ, ಕೂತು ಬೆಲೆ ಮಾತಾಡುವುದು ಅರ್ಧ. ಕೂತಾಗ ಎರಡನೇ ಗುಂಡಿ ನೆಲದಿಂದ ಸುಮಾರು 93 ಸೆಂ.ಮೀ.ಗೆ ಇಳಿಯುತ್ತದೆ. ಎದುರಿನವರೂ ಕೂತಿರುವುದರಿಂದ, ಮೇಜಿನಾಚೆ 115 ಸೆಂ.ಮೀ. ಅಂತರದಲ್ಲಿ ನೇರ ನೋಟ 48ರಿಂದ 138ರವರೆಗೆ ಹಿಡಿಯುತ್ತದೆ. ಕೂತವರ ನೆತ್ತಿ 130ರ ಆಸುಪಾಸು. ಅಂದರೆ ಇಲ್ಲಿ ಬೆಣೆಯೇ ಬೇಡ. ಕೆಡಿಸುವುದು ಎರಡೇ ಸಂಗತಿ. ಒಂದು, ಮೇಜಿನ ಮೇಲಿನ ಕಂಪ್ಯೂಟರ್ ಪರದೆ; ಕುರ್ಚಿಯನ್ನು ಒಂದಡಿ ಪಕ್ಕಕ್ಕೆ ಎಳೆದುಕೊಂಡೇ ಕೂರಿ. ಎರಡು, ಕೊಟೇಶನ್ ಓದಲು ಮುಂದಕ್ಕೆ ಬಾಗುವುದು. 15 ಡಿಗ್ರಿ ಬಾಗಿದರೆ ಮುಖ ಹೋಗಿ, ಮೇಜು ಮತ್ತು ಎದುರಿನವರ ಎದೆ ಅಷ್ಟೇ ಉಳಿಯುತ್ತದೆ. ಕಾಗದವನ್ನು ಕೈಯಲ್ಲೆತ್ತಿ ಪಕ್ಕದಲ್ಲಿ ಹಿಡಿದು ಓದಿ. ಕೂತಾಗ ಎರಡು ಗುಂಡಿಗಳ ನಡುವೆ ಅಂಗಿ ಬಾಯಿಬಿಡುವುದೂ ಉಂಟು, ಒಳಗಿನಿಂದ ಒಂದು ಸೇಫ್ಟಿ ಪಿನ್ನು ಹಾಕಿ.

ಸೀರೆ ಅಂಗಡಿ ಇವುಗಳಲ್ಲೆಲ್ಲ ಕಠಿಣ. ನೀವು ಸ್ಟೂಲಿನ ಮೇಲೆ, ತೋರಿಸುವವರು ನಿಂತು, ಅಂತರ 90 ಸೆಂ.ಮೀ. 93ರಿಂದ 165ನ್ನು ಹಿಡಿಯಬೇಕಾದರೆ 17 ಡಿಗ್ರಿ ಮೇಲಕ್ಕೆ ವಾಲಬೇಕು. ಅಷ್ಟು ವಾಲಿದರೆ ನೋಟದ ಕೆಳಗಿನ ಗೆರೆ 86ಕ್ಕೆ ಬಂದು, ಹರಡಿದ ಸೀರೆಗಳು ಕಾಣುವುದಿಲ್ಲ. ಅದೇ ಬೆಣೆಯಲ್ಲಿ ಎದ್ದು ನಿಂತರೆ ಚಾವಣಿ. ಆದ್ದರಿಂದ ಇಲ್ಲಿ ಕ್ಯಾಮೆರಾ ಬದಲಿಸುವುದಕ್ಕಿಂತ ನಡವಳಿಕೆ ಬದಲಿಸಿ: 5 ಡಿಗ್ರಿ ಬೆಣೆ ಇಟ್ಟು, ಸ್ವಾಗತ, ಬೆಲೆಯ ಮಾತು, ಬಿಲ್ಲು ಇವೆಲ್ಲಕ್ಕೂ ನಿಂತೇ ಇರಿ. ‘ಸೊಂಟ ನೋವು, ನಿಂತೇ ನೋಡ್ತೀನಿ’ ಎಂದರೆ ಯಾರೂ ಬಲವಂತ ಮಾಡುವುದಿಲ್ಲ.

ದರ್ಶಿನಿಯಲ್ಲಿ ಟೋಕನ್ ಕೊಟ್ಟ ಮೇಲೆ ಕಾಫಿ ಲೋಟ ಕೈಗೆ ಬರುತ್ತದೆ, ಅದು ನಿಂತು ಕುಡಿಯುವಾಗ ಸರಿಯಾಗಿ ಲೆನ್ಸಿನ ಮುಂದೆ ಇರುತ್ತದೆ. ಲೋಟವನ್ನು ಬಲಕ್ಕೆ ಸರಿಸಿ ಹಿಡಿಯುವ ಅಭ್ಯಾಸ ಬೇಕು. ನಮಸ್ಕಾರವೂ ಹಾಗೆಯೇ. ಸಿಬ್ಬಂದಿ ಕೈ ಮುಗಿದಾಗ ನೀವೂ ಎದೆಯ ಮುಂದೆ ಕೈ ಮುಗಿದರೆ, ಸ್ವಾಗತಿಸಿದರೋ ಇಲ್ಲವೋ ಎಂಬ ಮೊದಲ ಪ್ರಶ್ನೆಗೆ ಉತ್ತರವಾಗಬೇಕಿದ್ದ ಕ್ಷಣವೇ ಕಪ್ಪಾಗುತ್ತದೆ. ತಲೆ ತುಸು ಬಗ್ಗಿಸಿ ನಕ್ಕರೆ ಸಾಕು. ಬಿಲ್ಲನ್ನು ಎದೆಯ ಹತ್ತಿರ ಹಿಡಿದು ಕ್ಯಾಮೆರಾಗೆ ತೋರಿಸುವ ಯತ್ನ ಬೇಡ, ಸ್ಥಿರ ಫೋಕಸ್ಸಿನ ಈ ಲೆನ್ಸಿಗೆ ಅಷ್ಟು ಹತ್ತಿರದ ಅಕ್ಷರ ಮಸುಕು. ಹೊರಬಂದ ಮೇಲೆ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ.

ಪೆಟ್ರೋಲ್ ಬಂಕಿಗೆ ಮೈಮೇಲಿನ ಕ್ಯಾಮೆರಾ ಬೇಡವೇ ಬೇಡ. ಪೆಟ್ರೋಲ್ ಆವಿ ಇರುವಲ್ಲಿ ಬೈಕಿನ ಮೇಲೆ ಕೂತು ಬ್ಯಾಟರಿ ಸಲಕರಣೆ ಚಾಲೂ ಇಡುವುದು ಯಾವ ವರದಿಗೂ ತಕ್ಕ ಬೆಲೆಯಲ್ಲ.

ಎಲ್ಲ ಕಡೆಯೂ ಒಂದು ಮಾತು ನೆನಪಿರಲಿ: ಕ್ಯಾಮೆರಾ ನೋಡುವುದು ನಿಮ್ಮ ಕಣ್ಣು ಹೋದ ಕಡೆಯಲ್ಲ, ಎದೆ ತಿರುಗಿದ ಕಡೆ. ಮಾತನಾಡುವವರ ಕಡೆಗೆ ಕತ್ತಲ್ಲ, ಪೂರ್ತಿ ಮೈ ತಿರುಗಿಸಿ. ಕೈ ಕಟ್ಟಿಕೊಳ್ಳಬೇಡಿ.

ಬೆಳಕು, ಮಳೆ, ಸದ್ದು

ನಮ್ಮ ವಿದ್ಯುತ್ತು 50 ಹರ್ಟ್ಸ್. ಕ್ಯಾಮೆರಾವನ್ನು 60 ಹರ್ಟ್ಸ್‌ಗೆ ಹೊಂದಿಸಿಯೇ ಕೆಲವು ತಯಾರಕರು ಕಳಿಸಿರುತ್ತಾರೆ. ಹಾಗೇ ಬಿಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಹರಿಯುತ್ತವೆ. ಮೆನುವಿನಲ್ಲಿ 50 ಹರ್ಟ್ಸ್ ಅಥವಾ ಪಾಲ್ (PAL), ಸೆಕೆಂಡಿಗೆ 25 ಫ್ರೇಮು ಆರಿಸಿ. ಗಾಜಿನ ಬಾಗಿಲಿಗೆ ಬೆನ್ನು ಹಾಕಿ ಸಿಬ್ಬಂದಿ ನಿಂತಿದ್ದರೆ ಅವರ ಮುಖ ಕಪ್ಪು ನೆರಳಾಗುತ್ತದೆ. ಬಾಗಿಲು ನಿಮ್ಮ ಬೆನ್ನಿಗೆ ಬರುವಂತೆ ಸುತ್ತಿ ನಿಲ್ಲಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಕಡೆ ಜರ್ಕಿನ್ ಇಲ್ಲದೆ ಯಾರೂ ಓಡಾಡುವುದಿಲ್ಲ. ಜರ್ಕಿನ್ನಿನ ಜಿಪ್ ಎಳೆದರೆ ಲೆನ್ಸು ಮುಚ್ಚಿತು. ಒಳಗೆ ಬಂದೊಡನೆ ಬಿಚ್ಚಿ ಕೈಮೇಲೆ ಹಾಕಿಕೊಳ್ಳುವುದು ಸಹಜವೇ ಕಾಣುತ್ತದೆ, ಆದರೆ ಅದನ್ನು ಎದೆಗೆ ಅವಚಿ ಹಿಡಿಯಬೇಡಿ. ತಣ್ಣನೆಯ ಹೊರಗಿನಿಂದ ಉಗಿಯಾಡುವ ಹೋಟೆಲೊಳಗೆ ಕಾಲಿಟ್ಟರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಬಿಲ್ಲೆ ಮೈಗೆ ಹತ್ತಿಕೊಂಡು ಹತ್ತು ಹದಿನೈದು ನಿಮಿಷ ಬೆಚ್ಚಗಾಗಿದ್ದರೆ ಈ ತೊಂದರೆ ಬಹಳ ಕಡಿಮೆ. ಹಾಗಾಗಿ ಅಂಗಡಿಯ ಮುಂದೆ ಬಂದು ಕಟ್ಟಿಕೊಳ್ಳುವ ಬದಲು ಹೊರಡುವಾಗಲೇ ಕಟ್ಟಿಕೊಳ್ಳಿ. ಮನೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡಿ.

ಮೈಕು ಬಟ್ಟೆಗೆ ಉಜ್ಜುವ ಸದ್ದು ಮಾತನ್ನು ನುಂಗುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ ಬೇಡ, ಎರಡು ಮೂರು ಸಲ ಒಗೆದ ಮೆತ್ತಗಿನ ಹತ್ತಿ ಬಟ್ಟೆ ಇರಲಿ. ಚೀಲದ ಪಟ್ಟಿ ಎದೆಯ ಮೇಲೆ ಅಡ್ಡ ಹಾಯದಿರಲಿ.

ಹಿಂದಿನ ದಿನದ ಪರೀಕ್ಷೆ

ಮನೆಯ ಗೋಡೆಗೆ ನೆಲದಿಂದ 105, 143, 165 ಸೆಂ.ಮೀ. ಎತ್ತರದಲ್ಲಿ ಮೂರು ಬಣ್ಣದ ಟೇಪು ಅಂಟಿಸಿ: ಗಲ್ಲಾ, ಗದ್ದ, ನೆತ್ತಿ. ಮರುದಿನ ತೊಡುವ ಅದೇ ಅಂಗಿ, ಅದೇ ಚಪ್ಪಲಿ ಹಾಕಿಕೊಂಡು 75 ಸೆಂ.ಮೀ. ದೂರ ನಿಂತು ಒಂದು ನಿಮಿಷ, 1 ಮೀಟರಿನಿಂದ ಒಂದು ನಿಮಿಷ, 115 ಸೆಂ.ಮೀ. ದೂರ ಕುರ್ಚಿಯಲ್ಲಿ ಕೂತು ಒಂದು ನಿಮಿಷ ರೆಕಾರ್ಡ್ ಮಾಡಿ. ಉಸಿರು ಬಿಗಿಹಿಡಿದು ನೆಟ್ಟಗೆ ನಿಲ್ಲಬೇಡಿ, ದಿನವೂ ನಿಲ್ಲುವಂತೆ ನಿಲ್ಲಿ. ಕಂಪ್ಯೂಟರಿಗೆ ಹಾಕಿ, ನಿಂತು ತೆಗೆದದ್ದರಲ್ಲಿ ಮೂರೂ ಟೇಪು ಕಾಣುತ್ತವೆಯೇ (75 ಸೆಂ.ಮೀ. ದೂರದಲ್ಲಿ ನೆತ್ತಿಯದು ತುಸು ತಪ್ಪಿದರೂ ಸರಿ), ನೆಟ್ಟಗಿವೆಯೇ, ಕೂತು ತೆಗೆದದ್ದರಲ್ಲಿ ಕೂತವರ ನೆತ್ತಿಯ 130 ಸೆಂ.ಮೀ. ಮಟ್ಟ ಬರುತ್ತದೆಯೇ ನೋಡಿ. ಇಲ್ಲದಿದ್ದರೆ ಬೆಣೆ ತಿದ್ದಿ ಮತ್ತೆ. ಮೂರನೇ ಸಲಕ್ಕೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸರಿಯಾದ ಬೆಣೆ ಸಿಕ್ಕ ಅಂಗಿಯನ್ನು ಈ ಕೆಲಸಕ್ಕೇ ಮೀಸಲಿಡಿ.

ಅದೇ ಹೊತ್ತಿಗೆ ಗಡಿಯಾರ ನೋಡಿ. ಬ್ಯಾಟರಿ ಪೂರ್ತಿ ಇಳಿದ ಕ್ಯಾಮೆರಾದಲ್ಲಿ ದಿನಾಂಕ ಹಳೆಯದಕ್ಕೆ ಹೋಗಿರುತ್ತದೆ, ತಪ್ಪು ದಿನಾಂಕದ ವಿಡಿಯೊ ಪುರಾವೆಯಾಗಿ ನಿಲ್ಲದು. 1080ಪಿ ವಿಡಿಯೊ ಸೆಕೆಂಡಿಗೆ 8 ಮೆಗಾಬಿಟ್ ದರದಲ್ಲಿ ಗಂಟೆಗೆ ಸುಮಾರು 3.6 ಜಿಬಿ ತಿನ್ನುತ್ತದೆ, 32 ಜಿಬಿಯ ಕ್ಲಾಸ್ 10 ಕಾರ್ಡು ಧಾರಾಳ. ಬ್ಯಾಟರಿಯ ವಿಷಯದಲ್ಲಿ ತಯಾರಕರು ಹೇಳಿದ ಸಮಯದ ಮೂರನೇ ಎರಡು ಭಾಗವನ್ನಷ್ಟೇ ನಂಬಿ.

ರೆಕಾರ್ಡಿಂಗನ್ನು ಅಂಗಡಿಯ ಬಾಗಿಲಲ್ಲಿ ಶುರು ಮಾಡಬೇಡಿ. ಐದು ನಿಮಿಷ ಮೊದಲೇ, ಗಾಡಿ ನಿಲ್ಲಿಸಿದಲ್ಲಿ ಚಾಲೂ ಮಾಡಿ ದಿನಾಂಕ, ಹೊತ್ತು, ಮಳಿಗೆಯ ಹೆಸರು ಹೇಳಿ, ನಾಮಫಲಕದ ಮುಂದೆ ಎರಡು ಕ್ಷಣ ನಿಂತು ಒಳಗೆ ನಡೆಯಿರಿ. ಒಳಗಿರುವಾಗ ‘ಓಡುತ್ತಿದೆಯೋ’ ಎಂದು ಸ್ವಿಚ್ ಮುಟ್ಟಿ ನೋಡುವ ಚಟ ಬೇಡ, ಎಷ್ಟೋ ರೆಕಾರ್ಡಿಂಗುಗಳು ನಿಂತಿರುವುದು ಹಾಗೆ ಮುಟ್ಟಿಯೇ. ಕೆಲಸ ಮುಗಿಸಿ ಹೊರಬಂದ ಮೇಲೂ ಸ್ಟಾಪ್ ಒತ್ತಿ, ಫೈಲು ಬರೆದು ಮುಗಿಯಲು ಹತ್ತು ಸೆಕೆಂಡ್ ಬಿಟ್ಟು ಆಮೇಲೆ ವಿದ್ಯುತ್ತು ಕಡಿಯಿರಿ. ತಟ್ಟನೆ ವೈರು ಕಿತ್ತರೆ ಕೊನೆಯ ಫೈಲು ತೆರೆಯದೇ ಹೋಗಬಹುದು. ಫೈಲಿನ ಹೆಸರು ಬದಲಿಸದೆ, ಏನೂ ಕತ್ತರಿಸದೆ ಕಾಪಿ ಮಾಡಿ ಕೆಲಸ ಕೊಟ್ಟವರಿಗೆ ಕಳಿಸಿ. ತಲುಪಿತೆಂದು ಅವರು ಬರಹದಲ್ಲಿ ಹೇಳಿದ ಮೇಲೆ ಕಾರ್ಡಿನಿಂದಲೂ ಕಂಪ್ಯೂಟರಿನಿಂದಲೂ ಅಳಿಸಿಬಿಡಿ. ಅದರಲ್ಲಿರುವ ಮುಖಗಳು ನಿಮ್ಮವಲ್ಲ.